ಕೂತು ಉಂಡವನ ಅನ್ನ

ಮೊದಲು ಸಿಕ್ಕಿಕೊಂಡದ್ದು ಮಧ್ಯಾಹ್ನದ ಊಟದ ಎರಡನೇ ತುತ್ತು. ಕುಚ್ಚಲಕ್ಕಿ ಅನ್ನ, ಬಸಳೆ ಸಾರು. ಅಗಿದದ್ದು ಗಂಟಲಿಗೆ ಹೋಯಿತು. ಅಲ್ಲೇ ನಿಂತಿತು. ನೀರು ಕುಡಿದೆ. ನೀರು ಇಳಿಯಿತು, ಅನ್ನ ಇಳಿಯಲಿಲ್ಲ. ಒಳಗಿನಿಂದ ಯಾರೋ ಹೆಬ್ಬೆರಳಿಟ್ಟು ಒತ್ತಿ ಹಿಡಿದ ಹಾಗೆ. ಕೆಮ್ಮಿ ಉಗುಳಿದೆ, ತಟ್ಟೆಯನ್ನು ದೂಡಿದೆ.

"ಅನ್ನ ಬೇಯ್ಸೋಕೂ ಬರಲ್ವಾ ನಿಂಗೆ? ಕಲ್ಲಿದ್ದಂಗಿದೆ" ಎಂದು ಹೆಂಡತಿ ಜಲಜಳ ಮೇಲೆ ರೇಗಿದೆ.

ಅನ್ನ ಹೂವಿನ ಹಾಗೆ ಬೆಂದಿತ್ತು.

ಆ ಹೊತ್ತಿಗೆ ನಾನು ಮೆಣಸು ಕೊಯ್ಯುವ ಏಣಿಯಿಂದ ಬಿದ್ದು, ಸೊಂಟದ ಮೂಳೆ ಮುರಿದು, ಚಿಕ್ಕಮಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು, ವಾಕರ್ ಹಿಡಿದು ಬಾಳೂರಿನ ಮನೆಗೆ ಬಂದಿದ್ದೆ. "ಏಣಿ, ಇಳಿಜಾರು, ಭಾರ ಹೊರೋದು, ಇವನ್ನೆಲ್ಲ ಇನ್ನು ಮರೆತುಬಿಡಿ" ಎಂದಿದ್ದರು ಮೂಳೆ ಡಾಕ್ಟರು. ಮಳೆ ಬರುತ್ತದೆ, ಕೊಡೆ ತಗೊಂಡು ಹೋಗಿ ಎನ್ನುವಷ್ಟು ಸುಲಭವಾಗಿ ಹೇಳಿದ್ದರು. ನನಗೆ ಎಪ್ಪತ್ತು ಹತ್ತಿರ. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ಎಸ್ಟೇಟಿನಲ್ಲಿ ರೈಟರ್ ಆದವನು. ರೈಟರ್ ಎಂದರೆ ಬರೆಯುವವನಲ್ಲ, ಆಳುಗಳ ಹಿಂದೆ ನಿಂತು ಕೆಲಸ ತೆಗೆಸುವವನು. ಆಮೇಲೆ ನನ್ನದೇ ಸಣ್ಣ ತೋಟ ಮಾಡಿಕೊಂಡೆ. ಕೂತು ಉಂಡವನಲ್ಲ ನಾನು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಈಗ ಆ ಮಾತನ್ನು ಬರೆಯಲು ಕೈ ಹಿಂಜರಿಯುತ್ತದೆ.

ಬಿದ್ದ ಮೇಲೆ ಜಗಲಿಯ ಪ್ಲಾಸ್ಟಿಕ್ ಕುರ್ಚಿಯೇ ನನ್ನ ಜಾಗವಾಯಿತು. ಕೊಯ್ಲು ಮುಗಿದಿತ್ತು. ತೋಟದಲ್ಲಿ ಗಿಡಕಸಿ ನಡೆಯುತ್ತಿತ್ತು. ನಮ್ಮ ಕಡೆ ಕಸಿ ಎಂದರೆ ಕಾಫಿ ಗಿಡದ ಬೇಡದ ರೆಕ್ಕೆ, ಚಿಗುರುಗಳನ್ನು ಕತ್ತರಿಸಿ ತೆಗೆಯುವುದು. ಕುರ್ಚಿಯಲ್ಲಿ ಕೂತರೆ ಕತ್ತರಿಯ ಸದ್ದು ಕೇಳುತ್ತದೆ. ಮಗ ರಮೇಶ ಆಳುಗಳ ಜೊತೆ ನಗುತ್ತಾ ಮಾತಾಡುವುದೂ ಕೇಳುತ್ತದೆ. ಕೆಲಸದ ಹೊತ್ತಲ್ಲಿ ಎಂಥ ನಗು? ಕುರ್ಚಿಯಿಂದಲೇ ಕೂಗುತ್ತಿದ್ದೆ. ಯಾರೂ ಓಗೊಡುತ್ತಿರಲಿಲ್ಲ. ಕೂಗಿ ಕೂಗಿ ಊಟಕ್ಕೆ ಕೂತರೆ ಗಂಟಲು ಕಟ್ಟುತ್ತಿತ್ತು.

ಅನ್ನ ಬಿಟ್ಟು ಗಂಜಿಗೆ ಬಂದೆ. ಗಂಜಿ ಬಿಟ್ಟು ರಾಗಿ ಅಂಬಲಿಗೆ ಬಂದೆ. ಪಂಚೆ ಸೊಂಟದಲ್ಲಿ ನಿಲ್ಲದಾಯಿತು. ಕ್ಯಾನ್ಸರ್ ಎಂದು ನಾನೇ ತೀರ್ಮಾನಿಸಿದೆ. ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಯಾರಿಗೂ ಹೇಳಲಿಲ್ಲ. ಬದಲಿಗೆ ಎಲ್ಲರನ್ನೂ ಬೈದೆ.

ರಮೇಶ ಒಂದು ಬೆಳಿಗ್ಗೆ ಏನೂ ಕೇಳದೆ ನನ್ನನ್ನು ಜೀಪಿನಲ್ಲಿ ಕೂರಿಸಿ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದ. ಎಂಡೋಸ್ಕೋಪಿ ಆಯಿತು. ಸ್ಕ್ಯಾನ್ ಆಯಿತು. ಗಂಟಲಿಗೆ ಪೈಪು ಇಳಿಸಿದ ಡಾಕ್ಟರು ಕೈಗವಸು ತೆಗೆಯುತ್ತಾ, "ಎಲ್ಲಾ ನಾರ್ಮಲ್ ಗೌಡ್ರೇ. ಗಂಟಲಲ್ಲಿ ಏನೂ ಇಲ್ಲ" ಎಂದರು.

"ಹಂಗಾದ್ರೆ ನಾನು ನಾಟಕ ಮಾಡ್ತಿದೀನಾ?"

"ಹಾಗಂದೆನಾ ನಾನು? ತೊಂದರೆ ನಿಜ. ಆದ್ರೆ ಗಂಟಲಿಂದು ಅಲ್ಲ. ತೂಕ ಹೀಗೇ ಇಳೀತಾ ಹೋದ್ರೆ ಮೂಗಿಂದ ಟ್ಯೂಬ್ ಹಾಕಿ ಊಟ ಕೊಡ್ಬೇಕಾಗುತ್ತೆ. ಅದಕ್ಕೆ ಮುಂಚೆ ಒಬ್ರನ್ನ ನೋಡಿ ಬನ್ನಿ."

ಚೀಟಿಯಲ್ಲಿ ಬರೆದದ್ದು ಸೈಕಾಲಜಿಸ್ಟ್ ಎಂದು.

ಹುಚ್ಚಿನ ಡಾಕ್ಟರು!

ಬಾಳೂರು ತಲುಪುವವರೆಗೂ ರಮೇಶನನ್ನು ಬೈದೆ. ಅವನು ಗೇರು ಬದಲಿಸುತ್ತಾ ಒಂದೇ ಮಾತು ಹೇಳಿದ. "ಅಪ್ಪ, ಮೂಗಿಂದ ಪೈಪು ಹಾಕಿಸ್ಕೊಂಡ್ರೆ ಬೈಯೋಕೂ ಕಷ್ಟ ಆಗುತ್ತೆ. ನೋಡಿ, ನಿಮ್ಮಿಷ್ಟ."

ಹಾಗಾಗಿ ಹೋದೆ. ಆಕೆ ವಾರಕ್ಕೊಮ್ಮೆ ಮೂಡಿಗೆರೆಗೆ ಬರುತ್ತಿದ್ದರು. ನನ್ನ ಮಗನಿಗಿಂತ ಚಿಕ್ಕವರು. ದಾವಣಗೆರೆ ಕಡೆಯ ಮಾತು. ಹೆಸರು ಸಹನಾ. ಹೆಸರು ಕೇಳಿಯೇ ಸಿಟ್ಟು ಬಂತು.

"ತುತ್ತು ಬಾಯಿಗಿಟ್ಟಾಗ ಮನಸ್ಸಿಗೆ ಏನು ಬರುತ್ತೆ ರೀ?"

"ಬಾಯಿಗೆ ಅನ್ನ ಬರುತ್ತೆ. ಮನ್ಸಿಗೆ ಎಂತ ಬರುತ್ತೆ?"

ಆಕೆ ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಊಟದ ಹೊತ್ತು ಮನೆಯಲ್ಲಿ ಯಾರ್ಯಾರು ಎಲ್ಲೆಲ್ಲಿರುತ್ತಾರೆ ಎಂದು ಕೇಳಿದರು. ಹೇಳಿದೆ. ರಮೇಶ ತೋಟದಿಂದ ಬಂದಿರುತ್ತಾನೆ. ಅಂಗಿ ಬೆನ್ನಿಗೆ ಅಂಟಿರುತ್ತದೆ. ಜಲಜ ಬಡಿಸುತ್ತಾಳೆ. ನಾನು ಆಗಲೇ ಕೂತಿರುತ್ತೇನೆ.

"ಕೂತಿದ್ರೆ ಏನಾಯ್ತು?"

"ಎಂತ ಆಯ್ತು ಅಂದ್ರೆ? ಅವ್ನು ಗೇಯ್ದು ಬಂದಿದಾನೆ. ನಾನು ಬೆಳಗ್ಗಿಂದ ಕುರ್ಚಿ ಕಾದಿದೀನಿ."

"ಕುರ್ಚಿಯಲ್ಲಿ ಕೂತವರು ಊಟ ಮಾಡಿದ್ರೆ?"

"ಮಾಡಿದ್ರೆ, ಅದು... ಅದು ಸರಿಯಲ್ಲ."

"ಸರಿಯಲ್ಲ ಅಂದ್ರೆ? ಅಂಥವರ ಬಗ್ಗೆ ಅದು ಏನು ಹೇಳುತ್ತೆ?"

ಒಂದೊಂದು ಉತ್ತರಕ್ಕೂ ಇನ್ನೊಂದು ಪ್ರಶ್ನೆ. ಬಾವಿಯಲ್ಲಿ ಬಿದ್ದ ಕೊಡಕ್ಕೆ ಪಾತಾಳಗರಡಿ ಇಳಿಸಿದ ಹಾಗೆ ಕೆಳಗೆ, ಇನ್ನೂ ಕೆಳಗೆ. ಕೊನೆಗೆ ಕೊಂಡಿಗೆ ಸಿಕ್ಕಿತು.

"ಕೂತು ಉಂಡವನ ಅನ್ನ ದಂಡ! ಅಷ್ಟೂ ಗೊತ್ತಿಲ್ವಾ ನಿಮ್ಗೆ?" ಎಂದು ಕಿರುಚಿದೆ. ಹೊರಗೆ ಬೆಂಚಿನಲ್ಲಿ ಕೂತಿದ್ದ ರಮೇಶ ಬಾಗಿಲು ತೆರೆದು ಇಣುಕಿದ.

ಆಕೆ ನಿಧಾನವಾಗಿ ಕೇಳಿದರು. "ಇದು ಯಾರ ಮಾತು ರೀ?"

ಅಪ್ಪಯ್ಯನ ಮಾತು.

ಇಂಥದ್ದಕ್ಕೆ ಕೋರ್ ಬಿಲೀಫ್ ಎನ್ನುತ್ತಾರಂತೆ, ಮೂಲ ನಂಬಿಕೆ. ಮೂಲ ಇದ್ದದ್ದು ನಮ್ಮಣ್ಣನಿಗೆ, ನನಗಲ್ಲ ಎಂದೆ. ಅದಕ್ಕೂ ಆಕೆ ಸಿಟ್ಟಾಗಲಿಲ್ಲ. ದಿನಾ ತಲೆಯಲ್ಲಿ ಬಂದು ಹೋಗುವ ಯೋಚನೆಗಳು ಬೇರೆ. ಚಿಕ್ಕಂದಿನಲ್ಲೇ ಒಳಗೆ ಕೂತು, ಇದು ನಂಬಿಕೆ ಅಂತಲೂ ತಿಳಿಯದಷ್ಟು ನಿಜವಾಗಿಬಿಡುವ ಮಾತು ಬೇರೆ ಎಂದರು. ಕೈ ಕಾಲು ಆಡುವವರೆಗೆ ಅದು ಸುಮ್ಮನೆ ಇತ್ತು. ನೀವು ಕೂತ ದಿನ ಎದ್ದು ನಿಂತಿದೆ ಎಂದರು. ಆ ಮಾತನ್ನು ನೂರಕ್ಕೆ ಎಷ್ಟು ನಂಬುತ್ತೀರಿ ಎಂದು ಕೇಳಿದರು.

"ನಂಬೋದೆಂತದು? ಅದು ನಿಜ. ನೂರಕ್ಕೆ ನೂರು."

"ಆಯ್ತು. ಅದರ ಮೇಲೆ ಹೊಸದೊಂದನ್ನ ಕಸಿ ಮಾಡೋಣ. ಮನೇಲಿ ಯೋಚನೆ ಮಾಡ್ತಾ ಇರಿ."

ಕಸಿ ನನಗೆ ಗೊತ್ತಿರುವ ಕೆಲಸ. ಮನೆಗೆ ಬಂದವನೇ ಶುರು ಮಾಡಿದೆ. ಆ ಮಾತು ತಲೆ ಎತ್ತಿದಾಗೆಲ್ಲ ಕತ್ತರಿಸಿದೆ. ಅನ್ನದ ಮುಂದೆ ಕೂತು ಒಳಗೊಳಗೇ "ಥೂ, ಹೋಗತ್ಲಾಗೆ" ಎಂದು ಗದರಿದೆ. ಹಲ್ಲು ಕಚ್ಚಿದೆ. ಅಂಬಲಿಯೂ ಇಳಿಯದಾಯಿತು. ಮುಂದಿನ ವಾರ ಕುದಿಯುತ್ತಾ ಹೋದೆ.

"ನೀವು ಹೇಳಿದ್ಹಂಗೇ ಕಸಿ ಮಾಡ್ದೆ. ಈಗ ನೀರಿಗೂ ಹೆದ್ರಿಕೆ ಆಗ್ತಿದೆ."

"ಹೇಗೆ ಮಾಡಿದ್ರಿ?"

"ಹೇಗೆ ಮಾಡೋದು? ಕಡ್ದು ಹಾಕ್ದೆ."

ಆಕೆ ಕಣ್ಣರಳಿಸಿ ನೋಡಿದರು. "ಅಯ್ಯೋ, ಕಡಿಯೋದಲ್ರಿ! ಕಸಿ ಅಂದ್ರೆ ಕೂಡಿಸೋದು. ನಾಟಿ ಮಾವಿಗೆ ಒಳ್ಳೇ ಮಾವಿನ ಕೊಂಬೆ ಕಟ್ತಾರಲ್ಲ, ಹಾಗೆ."

"ಅದು ನಿಮ್ಮೂರಲ್ಲಿ. ನಮ್ಮಲ್ಲಿ ಕಸಿ ಅಂದ್ರೆ ಕತ್ತರಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಕೆಗೆ ನಗು ತಡೆಯಲಾಗಲಿಲ್ಲ. ನನಗೂ. ಬಿದ್ದ ಮೇಲೆ ನಾನು ನಕ್ಕದ್ದು ಅದೇ ಮೊದಲು.

"ಹಾಗಾದ್ರೆ ಹೇಳಿ, ನಿಮ್ಮ ಗಿಡದಲ್ಲಿ ಸಿಟ್ಟಿಂದ ಕಡಿದಷ್ಟೂ ಏನಾಗುತ್ತೆ?"

"ಕಂಬಚಿಗುರು ಬರುತ್ತೆ. ನೆಟ್ಟಗೆ, ಕೊಬ್ಬಿ. ಫಸಲು ಕೊಡಲ್ಲ, ಗಿಡದ ಸತ್ವ ಎಲ್ಲ ತಿನ್ನುತ್ತೆ" ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಹೇಳಿದ್ದು ನನ್ನದೇ ಕಥೆ.

ಅಲ್ಲಿಗೆ ರೋಗ ಹೋಯಿತು ಎಂದುಕೊಳ್ಳಬೇಡಿ. ಇಂಥ ಅನುಭವ ಬರೆಯುವವರು ಒಂದು ಒಳ್ಳೆಯ ಮಾತಿಗೆ ಎಲ್ಲ ತಿಳಿಯಾಯಿತು ಎಂದು ಬರೆಯುತ್ತಾರೆ. ಸುಳ್ಳು. ನನಗೆ ಅದರ ಮುಂದಿನ ವಾರ ಇನ್ನೂ ಕೆಟ್ಟದಾಯಿತು.

ಆ ದಂಡದ ಮಾತನ್ನು ಮೊದಲು ಕೇಳಿದ್ದು ಯಾವಾಗ ಎಂದು ಆಕೆ ಕೇಳಿದರು. ಅದು ನಾನು ನೂರಾರು ಸಲ ಹೇಳಿದ ಕಥೆ. ಹೈಸ್ಕೂಲಿನಲ್ಲಿದ್ದಾಗ ನನಗೆ ಕಾಮಾಲೆಯಾಗಿತ್ತು. ಬಹಳ ದಿನ ಮಲಗಿದ್ದೆ. ಒಂದು ದಿನ ಹಸಿವಾಯಿತು. ಗಂಜಿಗೆ ಕೂತೆ. ಅಪ್ಪಯ್ಯ ಆಗ ತಾನೇ ಮರಗಸಿ ಮುಗಿಸಿ, ಅಂದರೆ ನೆರಳಿನ ಮರದ ಕೊಂಬೆ ಸವರಿ, ಭುಜದ ಮೇಲೆ ಕತ್ತಿ ಇಟ್ಟುಕೊಂಡು ಬಂದ. ನನ್ನ ತಟ್ಟೆ ನೋಡಿ, "ಕೂತು ಉಂಡವನ ಅನ್ನ ದಂಡ ಕಣೋ" ಎಂದ. ನಾನು ಎದ್ದು ಹೋಗಿ, ಕಡಿದ ಕೊಂಬೆಗಳನ್ನು ಕತ್ತಲಾಗುವವರೆಗೆ ಎಳೆದು ರಾಶಿ ಹಾಕಿ ಬಂದೆ. "ಈಗ ಉಣ್ಣು" ಎಂದ. ಶಿಸ್ತು ಅಂದರೆ ಅದು ಎಂದು ಮದುವೆ ಮನೆಗಳಲ್ಲಿ, ಸಂಘದ ಮೀಟಿಂಗಿನಲ್ಲಿ ಹೇಳಿ ಚಪ್ಪಾಳೆ ಹೊಡೆಸಿಕೊಂಡಿದ್ದೇನೆ.

ಸಹನಾ ಮೇಡಂ ಚಪ್ಪಾಳೆ ಹೊಡೆಯಲಿಲ್ಲ. "ರಮೇಶ್ ಅವರಿಗೆ ಆ ವಯಸ್ಸಲ್ಲಿ ಕಾಮಾಲೆ ಬಂದು, ಹಸಿವು ಅಂತ ಗಂಜಿಗೆ ಕೂತಿದ್ರೆ ನೀವು ಏನಂತಿದ್ರಿ?" ಎಂದರು.

ಉತ್ತರ ನಾಲಿಗೆಯ ತುದಿಗೆ ಬಂತು. ಉಣ್ಣು ಮಗ ಅನ್ನುತ್ತಿದ್ದೆ.

ಹೇಳಲಿಲ್ಲ. ಹೇಳಿದರೆ ಅಪ್ಪಯ್ಯ ಏನಾಗುತ್ತಾನೆ? "ನಮ್ಮಪ್ಪನ್ನ ಬೈಯಿಸೋಕೆ ಕರ್ಸಿದ್ರಾ ನನ್ನ? ಅವ್ನ ಕಾಲಿನ ಧೂಳಿಗೂ ಸಮ ಇಲ್ಲ ನೀವು" ಎಂದು ಅಬ್ಬರಿಸಿ ಎದ್ದೆ. ವಾಕರ್ ಹಿಡಿದವನಿಗೆ ಸಿಟ್ಟಿನಿಂದ ಎದ್ದು ಹೋಗುವ ಯೋಗವೂ ಇಲ್ಲ. ಟಕ್, ಟಕ್ ಎಂದು ಬಾಗಿಲವರೆಗೆ ಹೋಗುವಷ್ಟರಲ್ಲಿ ಸಿಟ್ಟು ಅರ್ಧ ಇಳಿದು ನಾಚಿಕೆಯಾಗಿತ್ತು. ಆಕೆ ಎದ್ದು ಬಾಗಿಲು ತೆರೆದು ಹಿಡಿದರು. "ಬೈಯೋದು ಬೇಡ ರೀ. ಒಂದು ಕೆಲಸ ಮಾಡಿ. ನಿಮಗೆ ಬೇಕಾದ ಒಂದಿಬ್ಬರನ್ನ ಕೇಳಿ. ಕೆಲಸ ಮಾಡೋಕಾಗದವರು ಉಂಡ್ರೆ ಅದು ದಂಡವಾ ಅಂತ. ಅವರು ಹೇಳಿದ್ದನ್ನ ನನಗೆ ಹೇಳಿ, ಅಷ್ಟೇ."

ಮೊದಲು ಕೇಳಿದ್ದು ಜೀಪು ಓಡಿಸುವ ದೇವಪ್ಪನನ್ನು. ಪಕ್ಕದ ಮನೆಯವನು, ನನ್ನ ಜೊತೆ ಶಾಲೆಗೆ ಬಂದವನು. ಪೂರ್ತಿ ಕೇಳಿಸಿಕೊಂಡು ಎಲೆ ಅಡಿಕೆ ಉಗಿದು ಬಂದ.

"ಎಂತ ಮಾರಾಯ, ಇದ್ಕೆ ಮೂಡ್ಗೆರೆವರೆಗೆ ಹೋಗ್ಬೇಕಿತ್ತಾ? ನಂಗೆ ಕಳಸದ ಕಡೆ ಜೀಪಿಗೆ ಬಾಡಿಗೆ ಸಿಕ್ಕಿದ ದಿನ ಒಂದು ಸಲ ಉಣ್ತೀನಿ, ಸಿಗದ ದಿನ ಬೇಜಾರಿಗೆ ಎರಡು ಸಲ ಉಣ್ತೀನಿ. ನಮ್ಮಪ್ಪ ಹಿಂಗೆಲ್ಲ ಹೇಳ್ಲಿಲ್ಲ, ಪುಣ್ಯಾತ್ಮ."

ರಮೇಶನನ್ನು ಕೇಳಿದೆ. ಅವನು ಬೂಟಿನ ಮಣ್ಣು ಕೆರೆಯುತ್ತಿದ್ದ. ತಲೆ ಎತ್ತಲಿಲ್ಲ.

"ನನ್ನ ಯಾಕೆ ಕೇಳ್ತೀರಾ? ಅಮ್ಮನ್ನ ಕೇಳಿ."

ಆ ದನಿ ನನಗೆ ಹಿಡಿಸಲಿಲ್ಲ. ಆದರೂ ವಾಕರ್ ಊರುತ್ತಾ ಅಡುಗೆಮನೆಗೆ ಹೋದೆ. ಅಲ್ಲಿಗೆ ನಾನು ಹೋಗುವುದೇ ಅಪರೂಪ. ಜಲಜ ಕಟ್ಟೆಗೆ ಒರಗಿ ನಿಂತು ಉಣ್ಣುತ್ತಿದ್ದಳು. ತಟ್ಟೆ ಕೈಯಲ್ಲಿತ್ತು. ನನ್ನನ್ನು ನೋಡಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು, ಏನೋ ತಪ್ಪು ಮಾಡುವಾಗ ಸಿಕ್ಕಿಬಿದ್ದವಳ ಹಾಗೆ.

"ಒಂದು ಪ್ರಶ್ನೆ ಕೇಳ್ಬೇಕಂತೆ" ಎಂದು ಕೇಳಿದೆ. ಕೆಲಸ ಮಾಡೋಕಾಗದವರು ಕೂತು ಉಂಡರೆ ಅದು ದಂಡ ಅಂತ ನಿನಗೆ ಅನ್ನಿಸುತ್ತದಾ?

ಅವಳು ಎಂಜಲು ಕೈಯನ್ನು ತಟ್ಟೆಯ ಅಂಚಿಗೆ ಒರೆಸಿದಳು.

"ಅದನ್ನ ನಂಗೆ ಹೇಳ್ಕೊಟ್ಟಿದ್ದೇ ನೀವಲ್ವಾ?"

ನನಗೆ ನೆನಪಿರಲಿಲ್ಲ. ದೇವರಾಣೆ ನೆನಪಿರಲಿಲ್ಲ. ಅವಳಿಗೆ ಎಲ್ಲ ನೆನಪಿತ್ತು. ಗರ್ಭಕೋಶ ತೆಗೆಸಿ ಬಂದು ಅವಳು ಮಲಗಿದ್ದ ಕಾಲ. ಕೊಯ್ಲಿನ ದಿನಗಳು. ಆಳು ಸಿಗದೆ ನಾನು ಮನೆಗೂ ತೋಟಕ್ಕೂ ಓಡಾಡುತ್ತಿದ್ದೆ. ನನ್ನ ಅಕ್ಕ ಬಂದು ಅಡುಗೆ ನೋಡಿಕೊಳ್ಳುತ್ತಿದ್ದಳು. ನಾನು ಒಳಗೆ ಬಂದಾಗ ಜಲಜ ಮಂಚದ ಮೇಲೆ ಕೂತು ಹುರುಳಿ ಸಾರಿನ ಅನ್ನ ಉಣ್ಣುತ್ತಿದ್ದಳಂತೆ. ನಾನು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಅಕ್ಕನ ಎದುರಿಗೇ, ಕೂತು ಉಂಡವರ ಅನ್ನ ದಂಡ ಎಂದೆನಂತೆ.

"ಕೂಗಿ ಕೂಡ ಹೇಳ್ಲಿಲ್ಲ ನೀವು. ಕೂಗಿದ್ರೆ ಸಿಟ್ಟಲ್ಲಿ ಅಂದ್ರು ಅಂತ ಬಿಡ್ತಿದ್ದೆ" ಎಂದಳು. "ಕೂತು ಉಂಡ್ರೆ ದಂಡ ಅಂದ್ರಲ್ಲ. ಅವತ್ತಿಂದ ನಿಂತೇ ಉಣ್ತಿದೀನಿ. ಯಾವತ್ತಾದ್ರೂ ನೋಡಿದ್ರಾ?"

ನೋಡಿರಲಿಲ್ಲ. ರಮೇಶ ನೋಡಿದ್ದ. ಅಕ್ಕ ನೋಡಿದ್ದಳು. ಕೆಲಸಕ್ಕೆ ಬರುವ ಹೆಂಗಸರೂ ನೋಡಿದ್ದರಂತೆ. ಬಡಿಸಿದವಳು ಎಲ್ಲಿ ಉಣ್ಣುತ್ತಾಳೆ ಎಂದು ತಿರುಗಿ ನೋಡದವನು ನಾನೊಬ್ಬ.

"ನಿಮ್ಗೆ ಒಂದಿಷ್ಟು ದಿನ ಗಂಟ್ಲು ಕಟ್ಟಿದ್ದಕ್ಕೆ ಚಿಕ್ಕಮಗ್ಳೂರು, ಮೂಡ್ಗೆರೆ ಎಲ್ಲಾ ಆಯ್ತು" ಎಂದಳು ಜಲಜ. "ನಂಗೆ ಅನ್ನ ಇಳೀತಿದೆಯಾ ಅಂತ ಯಾರು ಕೇಳಿದ್ರು?"

ತಟ್ಟೆ ಎತ್ತಿಕೊಂಡು ಮತ್ತೆ ಉಣ್ಣತೊಡಗಿದಳು. ನಿಂತೇ.

ಜಗಲಿಗೆ ಬಂದು ಕೂತೆ. ಇಷ್ಟು ದಿನ ಸಿಟ್ಟು ಮಾಡಲು ನನಗೆ ಜನ ಬೇಕಾದಷ್ಟಿದ್ದರು. ಡಾಕ್ಟರು, ಮಗ, ಆಳು, ಏಣಿ. ಆವತ್ತು ಯಾರೂ ಉಳಿಯಲಿಲ್ಲ. ಅಪ್ಪಯ್ಯನ ಮೇಲೆ ಸಿಟ್ಟು ಬಂತು, ಮೊದಲ ಬಾರಿಗೆ. ಕಾಮಾಲೆಯಲ್ಲಿ ಅರಿಶಿನದಂತಾಗಿದ್ದ ಹುಡುಗನ ಕೈಯಿಂದ ಕೊಂಬೆ ಎಳೆಸಿದೆಯಲ್ಲಾ, ಒಂದು ಬಟ್ಟಲು ಗಂಜಿಗೆ! ಆದರೆ ಅಪ್ಪಯ್ಯ ಸತ್ತು ಬೂದಿಯಾಗಿದ್ದಾನೆ. ಅವನಿಗೆ ಆ ಮಾತು ಯಾರು ಹೇಳಿದ್ದರೋ. ಅದನ್ನು ಅಲ್ಲಿಗೇ ಬಿಡದೆ, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಉಣ್ಣುತ್ತಿದ್ದವಳ ತಟ್ಟೆಗೆ ಬಡಿಸಿದವನು ನಾನು. ಗಾದೆ, ಹಿರಿಯರ ಮಾತು, ಶಿಸ್ತು ಎಂದು ಏನೇನೋ ಹೆಸರಿಟ್ಟುಕೊಂಡು ಒಂದು ಹೊಲಸು ಮಾತನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತೇವೆ. ಅದಕ್ಕೆ ಚಪ್ಪಾಳೆ ಬೇರೆ. ಆ ಚಪ್ಪಾಳೆ ಹೊಡೆದವರ ಮೇಲೂ ನನಗೆ ಸಿಟ್ಟಿದೆ, ಈಗಲೂ.

ಮುಂದಿನ ವಾರ ಎಲ್ಲವನ್ನೂ ಸಹನಾ ಮೇಡಂಗೆ ಹೇಳಿದೆ. ತಲೆ ಎತ್ತಲಿಲ್ಲ. ಛೆ ಎನ್ನುತ್ತಾರೆ ಎಂದುಕೊಂಡಿದ್ದೆ. ಆಕೆ ಹಳೆಯ ಪ್ರಶ್ನೆಯನ್ನೇ ಕೇಳಿದರು.

"ಈಗ ಆ ಮಾತನ್ನ ನೂರಕ್ಕೆ ಎಷ್ಟು ನಂಬ್ತೀರಿ?"

"ಅವ್ಳ ವಿಷ್ಯಕ್ಕಾದ್ರೆ ಸೊನ್ನೆ. ಹೊಟ್ಟೆ ಕೊಯ್ಸಿಕೊಂಡು ಬಂದವ್ಳು ಉಣ್ದೆ ಇರ್ತಾಳಾ?"

"ನಿಮ್ಮ ವಿಷಯಕ್ಕೆ?"

"ನೂರು."

"ಹೊಟ್ಟೆ ಕೊಯ್ಸಿಕೊಂಡವರಿಗೆ ಸೊನ್ನೆ, ಸೊಂಟ ಕೊಯ್ಸಿಕೊಂಡವರಿಗೆ ನೂರು. ಎಲ್ಲಿಯ ನ್ಯಾಯ ರೀ ಇದು?"

ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಅಳು ಬಂತು. ಒಬ್ಬ ಹೆಂಗಸಿನ ಎದುರು ಅತ್ತೆ. ಆಕೆ ನೀರಿನ ಲೋಟ ಮುಂದೆ ಸರಿಸಿದರು. ಅಳು ನಿಂತ ಮೇಲೆ, ಹಳೆಯದರ ಜಾಗಕ್ಕೆ ಒಂದು ಮಾತು ನೀವೇ ಹುಡುಕಬೇಕು, ನಾನು ಕೊಟ್ಟರೆ ಹಿಡಿಯುವುದಿಲ್ಲ ಎಂದರು. ನನಗೆ ದೊಡ್ಡ ಮಾತು ಹೊಳೆಯಲಿಲ್ಲ. "ಉಣ್ಣೋಕೆ ಹಸಿವಿದ್ರೆ ಸಾಕು" ಎಂದೆ. ಸಾಕು, ಇದನ್ನೇ ಕಟ್ಟಿ ನೋಡೋಣ ಎಂದರು. ಹೇಳುವುದರಿಂದ ಹಿಡಿಯುವುದಿಲ್ಲ, ಉಂಡು ನೋಡಬೇಕು ಎಂದರು. ಎಲ್ಲಿ, ಹೇಗೆ ಎಂಬುದನ್ನು ನನಗೇ ಬಿಟ್ಟರು.

ಮರುದಿನ ಮಧ್ಯಾಹ್ನ ನಾನು ಊಟದ ಮೇಜಿಗೆ ಕೂರಲಿಲ್ಲ. ರಮೇಶ ಉಂಡು ಹೋಗುವವರೆಗೆ ಕಾದು ಅಡುಗೆಮನೆಗೆ ಹೋದೆ. ಜಲಜ ತಟ್ಟೆ ಹಿಡಿದು ನಿಂತಿದ್ದಳು. ವಾಕರನ್ನು ಗೋಡೆಗೆ ಸರಿಸಿ, ಕಟ್ಟೆಗೆ ಸೊಂಟ ಆನಿಸಿ, ಅವಳ ಪಕ್ಕದಲ್ಲಿ ನಿಂತೆ.

"ನಂಗೂ ಹಾಕು."

"ಎಂತ ಇದು ಹೊಸ ವೇಷ? ಹೋಗಿ ಕೂತ್ಕಳಿ, ಬಿದ್ದು ಮತ್ತೆ ಸೊಂಟ ಮುರ್ಕೊಳ್ತೀರಾ."

"ನೀನು ಕೂತ್ರೆ ಕೂರ್ತೀನಿ."

ಅವಳು ಕೂರಲಿಲ್ಲ. ಅನ್ನ ಹಾಕಿದಳು, ಸಾರು ಹಾಕಿದಳು. ಇಬ್ಬರೂ ನಿಂತು ಉಂಡೆವು. ಸೊಂಟ ಸಿಡಿಯುತ್ತಿತ್ತು. ಮೊದಲ ತುತ್ತು ನಿಂತಿತು. ಅಪ್ಪಯ್ಯ ಭುಜದ ಮೇಲೆ ಕತ್ತಿ ಇಟ್ಟುಕೊಂಡು ಬಾಗಿಲಲ್ಲಿ ಬಂದು ನಿಂತ. ಹೋಗು ಎಂದು ಗದರಲಿಲ್ಲ. ಇರು ಎಂದೆ. ಹಸಿವಾಗಿದೆ ಎಂದೆ.

ಇಳಿಯಿತು.

ಎಲ್ಲ ದಿನ ಇಳಿಯುತ್ತದೆ ಎಂದಲ್ಲ. ಮೊನ್ನೆ ಬರೀ ಕಷಾಯ ಕುಡಿದು ಮಲಗಿದೆ. ತೂಕ ಸ್ವಲ್ಪ ಏರಿದೆ, ಟ್ಯೂಬಿನ ಮಾತು ಸದ್ಯಕ್ಕೆ ಇಲ್ಲ. ಸಹನಾ ಮೇಡಂ ಕೇಳಿದರೆ ಈಗ ನೂರಕ್ಕೆ ನಲವತ್ತು ಎನ್ನುತ್ತೇನೆ. ಕೆಟ್ಟ ದಿನ ಎಂಬತ್ತು. ಸೊನ್ನೆ ಆಗುವಷ್ಟು ಆಯಸ್ಸು ನನಗಿದೆಯೋ ಇಲ್ಲವೋ. ಸಿಟ್ಟೂ ಹೋಗಿಲ್ಲ. ಆದರೆ ಮದುವೆ ಮನೆಯಲ್ಲಿ ಆ ಕಾಮಾಲೆಯ ಕಥೆ ಹೇಳುವುದನ್ನು ಬಿಟ್ಟಿದ್ದೇನೆ. ಯಾರಾದರೂ ಹೇಳು ಎಂದರೆ, ಅದು ಅಪ್ಪ ಮಗನಿಗೆ ಮಾಡಿದ ಅನ್ಯಾಯದ ಕಥೆ, ಬೇಕಾದರೆ ಹಾಗೆ ಹೇಳುತ್ತೇನೆ ಎನ್ನುತ್ತೇನೆ. ಯಾರಿಗೂ ಬೇಡ.

ನಿಂತು ಉಣ್ಣುವುದು ಹಲವು ದಿನ ನಡೆಯಿತು. ಒಂದು ದಿನ ಹೋದಾಗ ಅಡುಗೆಮನೆಯಲ್ಲಿ ಎರಡು ಕುರ್ಚಿಗಳಿದ್ದವು. ಒಂದು ನನ್ನ ಜಗಲಿಯ ಪ್ಲಾಸ್ಟಿಕ್ ಕುರ್ಚಿ. ರಮೇಶ ತಂದಿಟ್ಟನೋ, ಅವಳೇ ಎಳೆದು ತಂದಳೋ, ಕೇಳಲಿಲ್ಲ. ಜಲಜ ತನ್ನ ಕುರ್ಚಿಯ ತುದಿಯಲ್ಲಿ, ಈಗಲೇ ಎದ್ದು ಹೋಗುವವಳ ಹಾಗೆ ಕೂತಳು. ನಾನೂ ಕೂತೆ. ಹುರುಳಿ ಸಾರು. ಬೇಕೆಂದೇ ಮಾಡಿದ್ದಳೋ ಏನೋ.

ಎರಡು ತುತ್ತಾದ ಮೇಲೆ ಧೈರ್ಯ ಮಾಡಿ ಕೇಳಿದೆ. "ನಾನು ಅಂದಿದ್ದನ್ನ ಮನ್ಸಿಂದ ತೆಗ್ದು ಹಾಕೋಕಾಗುತ್ತಾ ನಿಂಗೆ?"

ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು.

"ಉಣ್ಣುವಾಗ ಮಾತಾಡ್ಬೇಡಿ" ಎಂದಳು. "ಗಂಟ್ಲಿಗೆ ಸಿಕ್ಕೊಳುತ್ತೆ."